ಕಡಲತಳದ ಓದು: ಮೇರಿ ಥಾರ್ಪ್ ಅವರ ಭೂಪಟವನ್ನು ಕುರಿತು

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ವಿಮರ್ಶಾ ಲೇಖನವನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ನಾವು ಯಾವುದಾದರೊಂದು ಕಾವ್ಯವನ್ನೋ ಕಾದಂಬರಿಯನ್ನೋ ಎತ್ತಿಕೊಳ್ಳುವೆವೆಂದು ಅವರು ಭಾವಿಸಿದ್ದಿರಬೇಕು. ನಾವು ಎತ್ತಿಕೊಂಡಿರುವುದು ಒಂದು ಭೂಪಟವನ್ನು. ಭೂಪಟಕ್ಕೂ ವಿಮರ್ಶೆಗೂ ಎತ್ತಣ ಸಂಬಂಧವೆಂದು ಸಹೃದಯರು ಹುಬ್ಬೇರಿಸಬಾರದು. ಕೃತಿಕಾರರು ಏನನ್ನು ಕಂಡರು, ಕಂಡದ್ದನ್ನು ಹೇಗೆ ಹೇಳಿದರು, ಕಾಣದೆ ಊಹಿಸಿದ್ದೆಷ್ಟು, ಕಡೆಗೆ ಕೃತಿಯ ಕೆಳಗೆ ಯಾರ ಹೆಸರು ನಿಂತಿತು ಎಂಬಿವು ವಿಮರ್ಶಕನು ಯಾವುದೇ ಕೃತಿಯ ಮುಂದಿಡುವ ಪ್ರಶ್ನೆಗಳು. ಅಮೆರಿಕದ ಸಮುದ್ರವಿಜ್ಞಾನಿ ಮೇರಿ ಥಾರ್ಪ್ ಅವರು ರಚಿಸಿದ ಸಾಗರತಳದ ಭೂಪಟವನ್ನು ಈ ನಾಲ್ಕು ಪ್ರಶ್ನೆಗಳಿಂದಲೂ ಪರೀಕ್ಷಿಸಬಹುದು, ಪರೀಕ್ಷಿಸಬೇಕು ಕೂಡ.

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗಳು ಕಳೆದ ದಸರಾ ರಜೆಯಲ್ಲಿ ಈ ಪಟವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿಕೊಂಡು ಬಂದಳು. ಅದೀಗ ನಮ್ಮ ಮನೆಯ ಜಗಲಿಯ ಗೋಡೆಯಲ್ಲಿದೆ. ಬಂದವರೆಲ್ಲರೂ ಮೊದಲು ಕೇಳುವ ಪ್ರಶ್ನೆ, “ಮಾಸ್ತರರೇ, ಇದು ಯಾವ ದೇಶ?” ಎಂದು. ಏಕೆಂದರೆ ಈ ಪಟದಲ್ಲಿ ಕಣ್ಣು ಮೊದಲು ನೆಲೆಸುವುದು ದೇಶಗಳ ಮೇಲಲ್ಲ, ನೀರಿನಡಿಯ ನೆಲದ ಮೇಲೆ. ಅಟ್ಲಾಂಟಿಕ್ ಸಾಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ಪರ್ವತಶ್ರೇಣಿ ಇಳಿಯುತ್ತದೆ. ಆಫ್ರಿಕಾದ ತುದಿಯನ್ನು ಬಳಸಿ ಹಿಂದೂ ಮಹಾಸಾಗರವನ್ನು ಹೊಕ್ಕು, ಅಲ್ಲಿ ಕವಲೊಡೆದು, ಒಂದು ಕವಲು ನಮ್ಮ ಅರಬ್ಬಿ ಸಮುದ್ರದ ಕಡೆಗೂ ಇನ್ನೊಂದು ಆಸ್ಟ್ರೇಲಿಯದ ದಕ್ಷಿಣದಿಂದ ಪೆಸಿಫಿಕ್ ಸಾಗರಕ್ಕೂ ಹೋಗುತ್ತದೆ. ಸುಮಾರು 65,000 ಕಿಲೋಮೀಟರ್ ಉದ್ದದ ಈ ಶ್ರೇಣಿಯು ಭೂಮಂಡಲಕ್ಕೆ ಹಾಕಿದ ಹೊಲಿಗೆಯಂತೆ ಕಾಣುತ್ತದೆ. ನಮ್ಮ ಪಶ್ಚಿಮಕ್ಕಿರುವ ಲಕ್ಷದ್ವೀಪಗಳು ಇಲ್ಲಿ ನೀರಿನ ಮೇಲೆ ಚೆಲ್ಲಿದ ಚುಕ್ಕೆಗಳಲ್ಲ. ದಕ್ಷಿಣಕ್ಕೆ ಮಾಲ್ಡೀವ್ಸ್, ಚಾಗೋಸ್‌ಗಳವರೆಗೆ ಸಾಗುವ ಮತ್ತೊಂದು ಮುಳುಗಿದ ಬೆಟ್ಟಸಾಲಿನ ನೆತ್ತಿಗಳು.

ಈ ಪಟವನ್ನು ನೋಡುವಾಗಲೆಲ್ಲ ನಮಗೆ ನಮ್ಮದೇ ಒಂದು ತಪ್ಪು ನೆನಪಾಗುತ್ತದೆ. ಕಾಸರಗೋಡಿನ ಕಡಲಂಚಿನ ಶಾಲೆಯೊಂದರಲ್ಲಿ ನಾವು ಸಮಾಜ ಪಾಠ ಹೇಳುತ್ತಿದ್ದ ಮೊದಲ ವರ್ಷಗಳ ಮಾತು. ಗೋಡೆಯ ಭೂಪಟದಲ್ಲಿ ನೆಲಕ್ಕೆ ಹಸಿರು, ಹಳದಿ, ಕಂದು ಎಂದು ನಾನಾ ಬಣ್ಣಗಳಿದ್ದರೆ ಕಡಲಿಗೆ ಇದ್ದದ್ದು ಬರಿಯ ನೀಲಿ. ಕಡಲಿನ ತಳವು ಸಮತಟ್ಟಾಗಿರುತ್ತದೆ ಎಂದು ನಾವು ಹೇಳಿದೆವು. ಹಿಂದಿನ ಬೆಂಚಿನಲ್ಲಿದ್ದ ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು, “ಇಲ್ಲ ಸರ್, ಅಲ್ಲಿ ಪಾದೆ ಉಂಟು, ಗುಂಡಿ ಉಂಟು. ಪಾದೆ ಇರುವಲ್ಲಿ ಬಲೆ ಹರಿಯುತ್ತದೆ ಅಂತ ಅಪ್ಪ ಹೇಳ್ತಾರೆ” ಎಂದಳು. ಪುಸ್ತಕದಲ್ಲಿಲ್ಲದ ಹರಟೆ ಬೇಡವೆಂದು ಗದರಿ ನಾವು ಅವಳನ್ನು ಕೂರಿಸಿದೆವು. ಮಗುವಿನ ತಂದೆ ಹಗ್ಗಕ್ಕೆ ಕಲ್ಲು ಕಟ್ಟಿ, ಮಾರಿನ ಲೆಕ್ಕದಲ್ಲಿ ಕಡಲನ್ನು ಅಳೆದು ತಿಳಿದ ಸತ್ಯವಾಗಿತ್ತು ಅದು. ಈ ಪ್ರಸಂಗವನ್ನು ಇಲ್ಲಿ ಹೇಳಲು ಕಾರಣವು ಮುಂದೆ ತಿಳಿಯುತ್ತದೆ.

ಮೇರಿ ಥಾರ್ಪ್ ಅವರು 1920ನೆಯ ಜುಲೈ 30ರಂದು ಅಮೆರಿಕದ ಮಿಶಿಗನ್ ಪ್ರಾಂತದ ಇಪ್ಸಿಲಾಂಟಿಯಲ್ಲಿ ಜನಿಸಿದರು. ತಂದೆ ಸರಕಾರದ ಮಣ್ಣು ಮೋಜಣಿ ಇಲಾಖೆಯಲ್ಲಿದ್ದು ಊರಿಂದೂರಿಗೆ ತಿರುಗಿ ಮಣ್ಣಿನ ನಕ್ಷೆಗಳನ್ನು ಮಾಡುತ್ತಿದ್ದವರು. ತಾಯಿ ಜರ್ಮನ್ ಮತ್ತು ಲ್ಯಾಟಿನ್ ಭಾಷೆಗಳ ಅಧ್ಯಾಪಿಕೆಯಾಗಿದ್ದವರು. ಒಂದೆಡೆ ಅಳತೆ, ಒಂದೆಡೆ ಭಾಷೆ: ಈ ಎರಡೂ ಮಗಳಿಗೆ ಬಂದುವು. ತಂದೆಯ ವರ್ಗಾವಣೆಗಳಿಂದಾಗಿ ಹತ್ತಾರು ಶಾಲೆಗಳಲ್ಲಿ ಓದಿದ ಈಕೆ ಕಾಲೇಜಿನಲ್ಲಿ ಮೊದಲು ಪಡೆದ ಪದವಿ ಇಂಗ್ಲಿಷ್ ಮತ್ತು ಸಂಗೀತದಲ್ಲಿ. ಆಗ ಎರಡನೆಯ ಮಹಾಯುದ್ಧ. ಗಂಡಸರು ಯುದ್ಧಭೂಮಿಗೆ ಹೋಗಿ ತರಗತಿಗಳು ಬರಿದಾದುದರಿಂದ ಮಿಶಿಗನ್ ವಿಶ್ವವಿದ್ಯಾಲಯವು ತನ್ನ ಭೂವಿಜ್ಞಾನ ವಿಭಾಗದ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆಯಿತು. ತೆರೆದ ಬಾಗಿಲಿನಿಂದ ಒಳಹೊಕ್ಕವರಲ್ಲಿ ಥಾರ್ಪ್ ಒಬ್ಬರು. ಅನಂತರ ಟಲ್ಸಾ ನಗರದ ತೈಲ ಕಂಪೆನಿಯೊಂದರಲ್ಲಿ ಕೆಲಸ. ಅಲ್ಲಿ ಹೊರಗಿನ ಶೋಧಕಾರ್ಯ ಗಂಡಸರಿಗೆ, ಕಚೇರಿಯ ಕಾಗದಪತ್ರ ಹೆಂಗಸರಿಗೆ. ಅಲ್ಲಿದ್ದುಕೊಂಡೇ ಅವರು ಗಣಿತದಲ್ಲಿ ಇನ್ನೊಂದು ಪದವಿ ಪಡೆದರು. 1948ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರೊಫೆಸರ್ ಮಾರಿಸ್ ಯೂಯಿಂಗ್ ಅವರ ಮುಂದೆ ನಿಂತಾಗ, ಇಷ್ಟು ಓದಿದವರಿಗೆ ಅವರು ಕೇಳಿದ ಪ್ರಶ್ನೆ ನಕ್ಷೆ ಎಳೆಯಲು ಬರುತ್ತದೆಯೇ ಎಂಬುದಾಗಿತ್ತು. ಬರುತ್ತಿತ್ತು. ಮರುವರ್ಷ ಯೂಯಿಂಗ್ ಅವರು ಸ್ಥಾಪಿಸಿದ ಲ್ಯಾಮಾಂಟ್ ಭೂವೈಜ್ಞಾನಿಕ ವೀಕ್ಷಣಾಲಯದಲ್ಲಿ ಬ್ರೂಸ್ ಹೀಜನ್ ಎಂಬ ತರುಣ ವಿಜ್ಞಾನಿಯೊಡನೆ ಅವರ ಕಾರ್ಯವು ಆರಂಭವಾಯಿತು.

ಕಾರ್ಯವು ಹೀಗೆ ಹಂಚಿಕೆಯಾಗಿತ್ತು: ಹೀಜನ್ ಹಡಗಿನಲ್ಲಿ ಹೋಗಿ ಅಳತೆಗಳನ್ನು ತರುವುದು, ಥಾರ್ಪ್ ಮೇಜಿನ ಮುಂದೆ ಕುಳಿತು ಅವುಗಳಿಂದ ನಕ್ಷೆ ಮಾಡುವುದು. ಸಂಶೋಧನಾ ಹಡಗನ್ನು ಹೆಂಗಸರು ಹತ್ತಕೂಡದೆಂಬುದು ಅಂದಿನ ರೂಢಿ. ಸಾಗರತಳವನ್ನು ಲೋಕಕ್ಕೆ ತೋರಿಸಿಕೊಟ್ಟವರು ತಾವೇ ಆ ಸಾಗರದ ಮೇಲೆ ಸಂಶೋಧನೆಗೆ ಹೋಗಲು 1960ರ ದಶಕದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಆ ಅಳತೆಗಳಾದರೂ ಎಂಥವು? ಹಡಗಿನಿಂದ ಕೆಳಕ್ಕೆ ಒಂದು ಧ್ವನಿಯನ್ನು ಕಳುಹಿಸುತ್ತಾರೆ. ಅದು ತಳಕ್ಕೆ ತಾಗಿ ಮರಳುತ್ತದೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ನಾಲ್ಕು ಕಿಲೋಮೀಟರ್ ಆಳವಿರುವಲ್ಲಿ ಪ್ರತಿಧ್ವನಿ ಬರಲು ಐದು ಸೆಕೆಂಡಿಗೂ ತುಸು ಹೆಚ್ಚು ಕಾಲ ಬೇಕು. ಹೀಗೆ ಹಡಗು ಸಾಗಿದ ದಾರಿಯುದ್ದಕ್ಕೂ ಆಳದ ಅಂಕೆಗಳು ದೊರೆಯುತ್ತವೆ. ಆದರೆ ದಾರಿಯಿಂದ ಆಚೀಚೆಗೆ ಏನಿದೆಯೆಂಬುದು ತಿಳಿಯುವುದಿಲ್ಲ. ಎರಡು ಹಡಗುಗಳ ದಾರಿಗಳ ನಡುವೆ ನೂರಾರು ಕಿಲೋಮೀಟರ್‌ಗಳ ಮೌನ. ಮಂಜೇಶ್ವರದ ಗೋವಿಂದ ಪೈಗಳ ನಾಡಿನವರಾದ ನಮಗೆ, ಶಾಸನದಲ್ಲಿ ಅಕ್ಷರಗಳು ನಶಿಸಿಹೋದಾಗ ಉಳಿದವುಗಳ ಆಧಾರದಿಂದ ಪಾಠವನ್ನು ನಿರ್ಣಯಿಸುವ ಕಷ್ಟವೇನೆಂದು ವಿವರಿಸಬೇಕಿಲ್ಲ. ಥಾರ್ಪ್ ಅವರದು ಅಂಥದೇ ಕೆಲಸ. ಉಳಿದಿದ್ದ ಅಕ್ಷರಗಳು ಕೆಲವು. ನಶಿಸಿದವು, ಇಲ್ಲ, ಎಂದೂ ಯಾರೂ ಓದದೆ ಇದ್ದವು ಅಸಂಖ್ಯಾತ.

1952ರಲ್ಲಿ ಅವರು ಉತ್ತರ ಅಟ್ಲಾಂಟಿಕ್ ಸಾಗರವನ್ನು ಪೂರ್ವ-ಪಶ್ಚಿಮವಾಗಿ ಸೀಳಿ ನೋಡಿದಂತೆ ಆರು ಸೀಳುನೋಟಗಳನ್ನು ಬಿಡಿಸಿದರು. ಏರಿಳಿತಗಳು ಸ್ಪಷ್ಟವಾಗಿ ತೋರಲೆಂದು ಎತ್ತರವನ್ನು ನಲವತ್ತು ಪಟ್ಟು ಹಿಗ್ಗಿಸಿದರು. ಆರನ್ನೂ ಒಂದರ ಕೆಳಗೊಂದು ಇಟ್ಟಾಗ ಸಾಗರದ ನಡುವಿನ ಉಬ್ಬು ಪ್ರತಿಯೊಂದರಲ್ಲಿಯೂ ಇತ್ತು. ಅದು ಹೊಸತಲ್ಲ, ಅಂಥದೊಂದು ಉಬ್ಬು ಇದೆಯೆಂದು ಹಿಂದೆಯೇ ತಿಳಿದಿತ್ತು. ಹೊಸತಾದದ್ದು ಆ ಉಬ್ಬಿನ ನೆತ್ತಿಯಲ್ಲಿದ್ದ ಒಂದು ಕಚ್ಚು, ಆಳವಾದ ಒಂದು ಸೀಳು. ಶಿಖರಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಹೊಂದಿಕೆಯಾಗುತ್ತಿರಲಿಲ್ಲ. ಸೀಳು ಮಾತ್ರ ಹೊಂದಿಕೆಯಾಗುತ್ತಿತ್ತು. ಎಲ್ಲರೂ ಬೆಟ್ಟವನ್ನು ನೋಡುವಾಗ ಥಾರ್ಪ್ ಅವರು ಕಣಿವೆಯನ್ನು ನೋಡಿದರು. ಒಳ್ಳೆಯ ಓದುಗನ ಲಕ್ಷಣವೇ ಇದು. ಪಠ್ಯದಲ್ಲಿ ಎದ್ದು ತೋರುವುದನ್ನು ಯಾರಾದರೂ ಗುರುತಿಸಬಹುದು. ಮತ್ತೆ ಮತ್ತೆ ಬರುವ ಚಿಕ್ಕದೊಂದನ್ನು ಗುರುತಿಸಲು ತಾಳ್ಮೆ ಬೇಕು.

ಸೀಳುಕಣಿವೆಯಿದೆಯೆಂದರೆ ಅಲ್ಲಿ ನೆಲವು ಎರಡಾಗಿ ಸರಿಯುತ್ತಿದೆಯೆಂದು ಅರ್ಥ. ಭೂಖಂಡಗಳು ಚಲಿಸುತ್ತವೆಂದು ಜರ್ಮನಿಯ ವೆಗೆನರ್ 1912ರಲ್ಲಿಯೇ ಹೇಳಿದ್ದರೂ ಅಮೆರಿಕದ ಭೂವಿಜ್ಞಾನಿಗಳಲ್ಲಿ ಅದು ನಗೆಗೀಡಾದ ಮಾತಾಗಿತ್ತು. ಹೀಗಾಗಿ ಥಾರ್ಪ್ ಅವರು ತೋರಿಸಿದ್ದನ್ನು ಕಂಡು ಹೀಜನ್ ನರಳಿದರಂತೆ. ಹುಡುಗಿಯರ ಹರಟೆಯೆಂದು ತಳ್ಳಿಹಾಕಿದರಂತೆ. ಥಾರ್ಪ್ ಅವರು ವಾದಕ್ಕೆ ನಿಲ್ಲಲಿಲ್ಲ. ತಮ್ಮ ಕೆಲಸವನ್ನು ಮುಂದುವರಿಸಿದರು. ಅದೇ ಸಮಯದಲ್ಲಿ ಪಕ್ಕದ ಮೇಜಿನಲ್ಲಿ ಹೊವಾರ್ಡ್ ಫಾಸ್ಟರ್ ಎಂಬ, ಕಿವಿ ಕೇಳದ ಕಲಾ ಪದವೀಧರರೊಬ್ಬರು ಸಾಗರದಡಿಯ ತಂತಿಗಳ ರಕ್ಷಣೆಗಾಗಿ ಭೂಕಂಪದ ಕೇಂದ್ರಗಳನ್ನು ಗುರುತು ಮಾಡುತ್ತಿದ್ದರು. ಎರಡು ನಕ್ಷೆಗಳೂ ಒಂದೇ ಪ್ರಮಾಣದವು. ಒಂದರ ಮೇಲೊಂದನ್ನಿಟ್ಟು ನೋಡಿದಾಗ ಭೂಕಂಪದ ಚುಕ್ಕೆಗಳು ಸಾಲಾಗಿ ಆ ಸೀಳಿನೊಳಗೇ ಬಿದ್ದುವು. ಧ್ವನಿಯ ಸಾಕ್ಷ್ಯಕ್ಕೆ ನಡುಕದ ಸಾಕ್ಷ್ಯ ಬಂದು ಕೂಡಿತು. ಹೀಜನ್ ಒಪ್ಪಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಆ ಬಳಿಕ, ಅಳತೆಗಳು ವಿರಳವಾಗಿದ್ದ ಸಾಗರಗಳಲ್ಲಿ ಭೂಕಂಪದ ಸಾಲನ್ನೇ ದಾರಿದೀಪವಾಗಿ ಹಿಡಿದು ಥಾರ್ಪ್ ಅವರು ಸೀಳಿನ ಜಾಡನ್ನು ಮುಂದುವರಿಸಿದರು.

1957ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರತಳದ ರೇಖಾಚಿತ್ರವು ಪ್ರಕಟವಾಯಿತು. ಅದೇ ವರ್ಷ ಪ್ರಿನ್ಸ್‌ಟನ್ನಿನಲ್ಲಿ ಹೀಜನ್ ಅವರ ಉಪನ್ಯಾಸವನ್ನು ಕೇಳಿದ ಹ್ಯಾರಿ ಹೆಸ್ ಎಂಬ ಹಿರಿಯ ಭೂವಿಜ್ಞಾನಿ, ಇದು ಭೂವಿಜ್ಞಾನದ ತಳಹದಿಯನ್ನೇ ಅಲುಗಿಸಿತೆಂದು ಸಭೆಯಲ್ಲಿ ಎದ್ದು ಹೇಳಿದರು. ನಂಬದವರೂ ಇದ್ದರು. ಫ್ರಾನ್ಸಿನ ಸಾಗರಶೋಧಕ ಜಾಕ್ ಕುಸ್ತೊ ಅಂಥವರಲ್ಲೊಬ್ಬರು. ಆ ಕಣಿವೆ ಇಲ್ಲವೆಂದು ತೋರಿಸುವ ಹಟದಿಂದ ಅವರು ಕ್ಯಾಮರಾವನ್ನು ಸಾಗರತಳಕ್ಕಿಳಿಸಿ ಹಡಗಿನಿಂದ ಎಳೆಸಿದರು. ಕ್ಯಾಮರಾದಲ್ಲಿ ಮೂಡಿದ್ದು ಕಣಿವೆಯೇ. 1959ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಮುದ್ರವಿಜ್ಞಾನ ಸಮ್ಮೇಳನದಲ್ಲಿ ಅವರು ಆ ಚಲನಚಿತ್ರವನ್ನು ತಾವಾಗಿಯೇ ಪ್ರದರ್ಶಿಸಿದರು. ತಪ್ಪನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಂಡ ಆ ಪ್ರಾಮಾಣಿಕತೆಯನ್ನೂ ನಾವು ಇಲ್ಲಿ ಸ್ಮರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೀಳು ಏಕೆ ಉಂಟಾಯಿತೆಂಬುದಕ್ಕೆ ಹೀಜನ್ ಕೊಟ್ಟ ವಿವರಣೆ ಭೂಮಿಯೇ ಉಬ್ಬುತ್ತಿದೆಯೆಂಬುದು. ಥಾರ್ಪ್ ಅವರೂ ಕೆಲಕಾಲ ಅದನ್ನೇ ಒಪ್ಪಿದ್ದರು. ಅದು ನಿಲ್ಲಲಿಲ್ಲ. ಸೀಳಿನಲ್ಲಿ ಹೊಸ ನೆಲ ಹುಟ್ಟಿ ಎರಡು ಕಡೆಗೂ ಸರಿಯುತ್ತದೆಂದು 1962ರಲ್ಲಿ ಪ್ರತಿಪಾದಿಸಿದವರು ಹೆಸ್. ಅದಕ್ಕೆ ಕಾಂತೀಯ ಪಟ್ಟೆಗಳ ಸಾಕ್ಷ್ಯವನ್ನು 1963ರಲ್ಲಿ ಒದಗಿಸಿದವರು ವೈನ್ ಮತ್ತು ಮ್ಯಾಥ್ಯೂಸ್. ಅವರ ಅಳತೆಗಳು ಬಂದುದು ನಮ್ಮ ಪಶ್ಚಿಮದ ಕಡಲಾಚೆಯ ಕಾರ್ಲ್ಸ್‌ಬರ್ಗ್ ಶ್ರೇಣಿಯಿಂದ. ಹೀಗೆ ಭಾಷ್ಯವು ಬಿದ್ದುಹೋಯಿತು, ಮೂಲಪಾಠವು ಉಳಿಯಿತು. ಪಾಠವನ್ನು ಶುದ್ಧವಾಗಿ ನಿರ್ಣಯಿಸಿಕೊಟ್ಟವರ ಋಣವು ಅರ್ಥ ಹೇಳಿದವರ ಋಣಕ್ಕಿಂತ ಕಿರಿದಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನು ಕೃತಿಯ ಗುಣದೋಷಗಳು. ಥಾರ್ಪ್ ಅವರ ಮೊದಲ ಚಿತ್ರಗಳು ಮಸಿಯಲ್ಲಿ ಎಳೆದವು. ನಿಖರವಾದ ಆಳದ ರೇಖೆಗಳನ್ನು ಪ್ರಕಟಿಸಲು ನೌಕಾಪಡೆಯ ಗೋಪ್ಯತೆಯ ನಿರ್ಬಂಧವಿತ್ತು. ಅದನ್ನು ಮೀರದೆ, ವಿಮಾನದಿಂದ ಓರೆಯಾಗಿ ಕಂಡಂತೆ ಬೆಟ್ಟ ಬಯಲುಗಳನ್ನು ಬಿಡಿಸುವ ವಿಧಾನವನ್ನು ಅವರು ಆರಿಸಿಕೊಂಡರು. ಅಂಕೆಗಳು ವಿದ್ವಾಂಸರಿಗೆ ಮಾತ್ರ ತಿಳಿಯುತ್ತಿದ್ದುವು. ಬೆಟ್ಟದ ಚಿತ್ರವು ಮಗುವಿಗೂ ತಿಳಿಯಿತು. ನಿರ್ಬಂಧವೇ ಶೈಲಿಯಾದ ಬಗೆ ಇದು. ನಮ್ಮ ಜಗಲಿಯಲ್ಲಿರುವುದಾದರೋ 1977ರ ವಿಶ್ವಸಾಗರತಳದ ಪಟ. ಥಾರ್ಪ್ ಮತ್ತು ಹೀಜನ್ ಅವರ ರಚನೆಗೆ ಆಸ್ಟ್ರಿಯದ ಚಿತ್ರಕಾರ ಹೈನ್ರಿಖ್ ಬೆರಾನ್ ಬಣ್ಣ ತುಂಬಿದ್ದು. ಆಲ್ಪ್ಸ್ ಪರ್ವತಗಳ ಚಿತ್ರಗಳಿಗೆ ಹೆಸರಾದ ಕುಂಚ ಅದು. ಚೆಲುವಿಗೆ ಕೊರತೆಯಿಲ್ಲ. ಆದರೆ ವಿಮರ್ಶಕನು ಚೆಲುವಿಗೆ ಸೋತು ಸುಮ್ಮನಿರಲಾಗದು. ಎಲ್ಲಿ ಅಳೆದದ್ದು ಮುಗಿಯಿತು, ಎಲ್ಲಿ ಊಹಿಸಿದ್ದು ಆರಂಭವಾಯಿತು ಎಂಬುದು ಈ ವರ್ಣಚಿತ್ರದಲ್ಲಿ ಕಾಣಿಸುವುದಿಲ್ಲ. ಹಡಗುಗಳು ಹಲವು ಬಾರಿ ಹಾದ ಉತ್ತರ ಅಟ್ಲಾಂಟಿಕ್ ಸಾಗರವೂ, ಅಳತೆಗಳು ಅಪರೂಪವಾಗಿದ್ದ ದಕ್ಷಿಣದ ಸಾಗರವೂ ಒಂದೇ ನಿಶ್ಚಯದಿಂದ ಹೊಳೆಯುತ್ತವೆ. ಮಸಿಯ ಗೆರೆಗಳಲ್ಲಿ ಬರೆದ ಕೈ ಕಾಣುತ್ತಿತ್ತು, ಆದ್ದರಿಂದ ಬರೆದವರು ಊಹಿಸಿದ್ದೂ ಉಂಟೆಂಬ ಎಚ್ಚರಿಕೆ ನೋಡುವವನಲ್ಲಿ ಉಳಿಯುತ್ತಿತ್ತು. ಅದು ತನ್ನನ್ನು ‘ರೇಖಾಚಿತ್ರ’ವೆಂದು ಕರೆದುಕೊಂಡದ್ದೂ ಉಚಿತವೇ. ಬಣ್ಣವು ಆ ಎಚ್ಚರಿಕೆಯನ್ನು ಅಳಿಸಿತು. ಮುಂದೆ ಉಪಗ್ರಹಗಳ ಅಳತೆಗಳು ಬಂದಾಗ ಪಟದ ಒಟ್ಟು ಸ್ವರೂಪವು ಸರಿಯೆಂದೇ ತಿಳಿಯಿತು, ನಿಜ. ಆದರೂ ಇಂದಿಗೂ ಆಧುನಿಕ ಯಂತ್ರಗಳಿಂದ ನೇರವಾಗಿ ಅಳೆದ ಸಾಗರತಳವು ಕಾಲುಭಾಗದಷ್ಟೆಂದರೆ, ಈ ಆಕ್ಷೇಪಕ್ಕೆ ಅರ್ಥವಿದೆಯೆಂದು ಓದುಗರು ಒಪ್ಪುವರು. ಗಡಿಗೆರೆಯ ಬದಿಯಲ್ಲಿ ಬಾಳುವ ನಮಗೆ, ನಕ್ಷೆಯ ಗೆರೆಗಳನ್ನೆಲ್ಲ ನೆಲದಲ್ಲಿಯೇ ಇರುವ ಗೆರೆಗಳೆಂದು ನಂಬುವುದರ ಅಪಾಯವು ಗೊತ್ತಿರುವ ವಿಷಯ.

ಕಡೆಯದಾಗಿ ಅಂಕಿತದ ಪ್ರಶ್ನೆ. ವಚನದ ಕೊನೆಯಲ್ಲಿ ಅಂಕಿತವಿರುತ್ತದೆ. ಅದರಿಂದ ವಚನಕಾರರನ್ನು ಗುರುತಿಸುತ್ತೇವೆ. ಬೀಸುವ ಕಲ್ಲಿನ ಪದಗಳಿಗೆ ಅಂಕಿತವಿಲ್ಲ; ಹಾಡಿದ ತಾಯಂದಿರು ಯಾರೆಂದು ನಾವು ಅರಿಯೆವು. 1956ರಲ್ಲಿ ಸೀಳುಕಣಿವೆಯ ವಿಷಯವನ್ನು ವಿದ್ವತ್ಸಭೆಯ ಮುಂದಿಟ್ಟಾಗ ಇದ್ದ ಹೆಸರುಗಳು ಯೂಯಿಂಗ್ ಮತ್ತು ಹೀಜನ್. ಥಾರ್ಪ್ ಅವರದು ಇರಲಿಲ್ಲ. 1959ರ ಉತ್ತರ ಅಟ್ಲಾಂಟಿಕ್ ಗ್ರಂಥದಲ್ಲಿ ಮೂವರ ಹೆಸರೂ ಬಂದಿತು. ಮುಂದೆ ಯೂಯಿಂಗ್ ಮತ್ತು ಹೀಜನ್ ಅವರಲ್ಲಿ ವೈಮನಸ್ಯ ಬೆಳೆದಾಗ ಅದರ ಪೆಟ್ಟು ಬಿದ್ದುದು ಥಾರ್ಪ್ ಅವರ ಮೇಲೆ. ವೀಕ್ಷಣಾಲಯದ ಕೆಲಸ ಹೋಗಿ ಅವರು ಮನೆಯಲ್ಲಿಯೇ ಮೇಜು ಹಾಕಿಕೊಂಡು ನಕ್ಷೆಗಳನ್ನು ಮುಂದುವರಿಸಿದರು. ಹೀಜನ್ ಅವರನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಮೊದಲು ಗದರಿದವರು ಅವರೇ; ಅನಂತರ ಕಾಲು ಶತಮಾನದಷ್ಟು ಕಾಲ ಒಡನೆ ದುಡಿದವರೂ ಅವರೇ. 1977ರ ಜೂನ್ ತಿಂಗಳಲ್ಲಿ ಐಸ್‌ಲ್ಯಾಂಡಿನ ಬಳಿ, ಅದೇ ಶ್ರೇಣಿಯನ್ನು ನೋಡಲೆಂದು ಹೋದ ಜಲಾಂತರ್ನೌಕೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಿಶ್ವಪಟವನ್ನು ಪೂರ್ಣಗೊಳಿಸಿ ಲೋಕದ ಕೈಗಿಟ್ಟವರು ಥಾರ್ಪ್. 1997ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವು ಅವರನ್ನು ಇಪ್ಪತ್ತನೆಯ ಶತಮಾನದ ನಾಲ್ವರು ಶ್ರೇಷ್ಠ ಭೂಪಟಕಾರರಲ್ಲಿ ಒಬ್ಬರೆಂದು ಗೌರವಿಸಿತು. ಆಗ ಅವರ ವಯಸ್ಸು ಎಪ್ಪತ್ತೇಳು. 2006ರ ಆಗಸ್ಟ್ 23ರಂದು ನಿಧನರಾದರು.

ಅವರ ಜೀವನವನ್ನು ಕುರಿತು ಹಾಲಿ ಫೆಲ್ಟ್ ಎಂಬ ಲೇಖಕಿ 2012ರಲ್ಲಿ ‘ಸೌಂಡಿಂಗ್ಸ್’ ಎಂಬ ಗ್ರಂಥವನ್ನು ಬರೆದಿದ್ದಾರೆ. ಪ್ರೀತಿಯಿಂದ ಬರೆದ ಪುಸ್ತಕ. ದಾಖಲೆ ಮೌನವಾದಲ್ಲಿ ಲೇಖಕಿ ಕಲ್ಪನೆಯ ಸಹಾಯ ಪಡೆಯುತ್ತಾರೆ. ಥಾರ್ಪ್ ಅವರೂ ಮೌನವನ್ನು ತುಂಬಿದರಲ್ಲವೇ ಎಂದು ಕೇಳಬಹುದು. ವ್ಯತ್ಯಾಸವಿದೆ: ಸಾಗರತಳದ ಊಹೆಯನ್ನು ಮುಂದೆ ಬರುವ ಹಡಗು ಪರೀಕ್ಷಿಸಬಲ್ಲುದು, ತೀರಿಹೋದವರ ಮನಸ್ಸಿನ ಊಹೆಯನ್ನು ಪರೀಕ್ಷಿಸುವ ಹಡಗಿಲ್ಲ. ಥಾರ್ಪ್ ಅವರೇ ತಮ್ಮ ಇಳಿವಯಸ್ಸಿನಲ್ಲಿ, 1999ರಲ್ಲಿ, ಬರೆದ ಆತ್ಮಕಥನರೂಪದ ಲೇಖನವು ನಮಗೆ ಹೆಚ್ಚು ಹಿಡಿಸಿತು. ತಾವು ಹಿನ್ನೆಲೆಯಲ್ಲಿದ್ದುದಕ್ಕೆ ತಮಗೆ ಕಹಿಯಿಲ್ಲವೆಂದೂ, ಅಷ್ಟು ಕುತೂಹಲದ ಕೆಲಸ ದೊರೆತದ್ದೇ ಭಾಗ್ಯವೆಂದೂ ಅವರು ಹೇಳಿಕೊಳ್ಳುತ್ತಾರೆ. ಈ ಮಾತನ್ನು ನಾವು ನಂಬುತ್ತೇವೆ. ಆದರೆ ಕಹಿಯಿಲ್ಲವೆನ್ನುವುದು ಅವರ ದೊಡ್ಡತನ. ಅದನ್ನೇ ನೆವ ಮಾಡಿಕೊಂಡು ಲೆಕ್ಕವನ್ನು ಮುಚ್ಚುವುದು ನಮ್ಮ ದೊಡ್ಡತನವಾಗದು.

ಹಿಂದೂ ಮಹಾಸಾಗರದ ತಳವನ್ನು ಲೋಕವು ಸರಿಯಾಗಿ ಕಂಡುದು 1960ರ ದಶಕದಲ್ಲಿ. ಆಗ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಫಲವಾಗಿಯೇ 1966ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯು ಹುಟ್ಟಿತು. ಆ ಸಂಸ್ಥೆಯ ಅದಿತಿ ಪಂತ್ ಅವರು 1983ರಲ್ಲಿ ಹೊರಟ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಹಡಗನ್ನೇರಿದರು. ಥಾರ್ಪ್ ಅವರು ಉದ್ಯೋಗದಿಂದ ನಿವೃತ್ತರಾದುದೂ ಅದೇ ವರ್ಷ. ಒಬ್ಬರಿಗೆ ಮುಚ್ಚಿದ್ದ ಹಲಗೆ ಇನ್ನೊಬ್ಬರಿಗೆ ತೆರೆದಿತ್ತು.

ನಾವು ಗದರಿ ಕೂರಿಸಿದ ಹುಡುಗಿ ಏಳನೆಯ ತರಗತಿಯ ಬಳಿಕ ಶಾಲೆಗೆ ಬರಲಿಲ್ಲ. ಅದಕ್ಕೆ ಬಡತನವೇ ಮುಖ್ಯ ಕಾರಣವಿದ್ದೀತು. ಆದರೆ ಅವಳ ಮಾತಿಗೆ ಕಿವಿಗೊಡದ ಒಬ್ಬ ಮಾಸ್ತರನೂ ಇದ್ದನೆಂಬುದನ್ನು ಈ ಪಟವು ದಿನವೂ ನಮಗೆ ಹೇಳುತ್ತದೆ. ಹೀಜನ್ ಅವರಿಗೆ ತಿದ್ದಿಕೊಳ್ಳಲು ಒಂದು ವರ್ಷ ಸಾಕಾಯಿತು. ನಮಗೆ ನಿವೃತ್ತಿಯ ಅನಂತರವೂ ಹಲವು ವರ್ಷಗಳು ಬೇಕಾದುವು. ಮೊಮ್ಮಗಳು ತಂದ ಪಟದ ಇನ್ನೊಂದು ಪ್ರತಿಯನ್ನು ಅಚ್ಚು ಹಾಕಿಸಿ ಆ ಶಾಲೆಗೆ ಕೊಟ್ಟಿದ್ದೇವೆ. ಏಳನೆಯ ತರಗತಿಯ ಗೋಡೆಯಲ್ಲಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಅದನ್ನು ತೂಗುಹಾಕಬೇಕೆಂದಷ್ಟೇ ಈಗಿನ ಮುಖ್ಯೋಪಾಧ್ಯಾಯಿನಿಯವರಲ್ಲಿ ಕೇಳಿಕೊಂಡೆವು. ಪಟದ ಕೆಳಗೆ ಕನ್ನಡದಲ್ಲಿ ಒಂದು ಚೀಟಿಯನ್ನು ನಾವೇ ಬರೆದು ಅಂಟಿಸಿದ್ದೇವೆ. ಅದರಲ್ಲಿ ಇರುವುದು ಎರಡು ಸಾಲು: ಇದನ್ನು ರಚಿಸಿದವರು ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜನ್. ಬಣ್ಣ ಹೈನ್ರಿಖ್ ಬೆರಾನ್ ಅವರದು.